ಟೋಟಲ್ 196 ಇದೆ, ನಾರ್ಮಲ್ ಅಂದುಕೊಂಡಿದ್ದೆ

2025ರ ಜುಲೈ ಮೊದಲ ವಾರ. ಹಾಸನದಲ್ಲಿ ನಾನು ಕೆಲಸ ಮಾಡುವ ಲ್ಯಾಬ್ ಮುಂದೆ ಬೆಳಿಗ್ಗೆ ಆರೂವರೆಗೇ ಜನ ಬಂದು ನಿಂತಿರುತ್ತಿದ್ದರು. ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ಜನ ಕಿಕ್ಕಿರಿದಿದ್ದರು. ಅಲ್ಲಿಗೆ ಹೋಗಲಾಗದವರು ನಮ್ಮಲ್ಲಿಗೆ ಬರುತ್ತಿದ್ದರು. ಎಲ್ಲರದ್ದೂ ಒಂದೇ ಮಾತು: "ಕೊಲೆಸ್ಟ್ರಾಲ್ ಚೆಕ್ ಮಾಡಿ ಸಾರ್."

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಲೂ ಹೀಗೇ ಆಗಿತ್ತು. ಆಗಲೂ ನೂರಾರು ಜನರ ರಕ್ತ ತೆಗೆದಿದ್ದೆ. ನನ್ನದನ್ನು ಮಾತ್ರ ನೋಡಿಕೊಂಡಿರಲಿಲ್ಲ. ಈ ಸಲ ವಾರದ ಕೊನೆಗೆ ಜೊತೆಯ ಹುಡುಗಿ ಕೈಯಲ್ಲಿ ನನ್ನದೂ ತೆಗೆಸಿದೆ. ನನಗೆ 45. ಅಪ್ಪ 1999ರಲ್ಲಿ ತೀರಿಕೊಂಡಾಗ ಅವರಿಗೆ 51.

ಲ್ಯಾಬ್ ಕೆಲಸದಲ್ಲಿ 19 ವರ್ಷ ಕಳೆದಿದ್ದೇನೆ. ಆದರೂ ನನ್ನ ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ನೋಡಿದ್ದು ಎಲ್ಲರೂ ನೋಡುವ ಸಾಲನ್ನೇ. ಟೋಟಲ್ ಕೊಲೆಸ್ಟ್ರಾಲ್ 196. ಪಕ್ಕದಲ್ಲಿ '200ಕ್ಕಿಂತ ಕಡಿಮೆ' ಎಂದು ಅಚ್ಚಾಗಿತ್ತು. ಉಸಿರು ಬಿಟ್ಟೆ. ಕೆಳಗಿನ ಸಾಲುಗಳು ಬೇರೆ ಕಥೆ ಹೇಳುತ್ತಿದ್ದವು. ರಕ್ತದಲ್ಲಿ ಓಡಾಡುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್ 240. 'ಒಳ್ಳೆಯ' ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 34. 'ಕೆಟ್ಟ' ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 114.

ನನ್ನ ರಕ್ತದ ಟ್ಯೂಬ್ ಇನ್ನೂ ರ‍್ಯಾಕ್‌ನಲ್ಲೇ ಇತ್ತು. ಎತ್ತಿ ಬೆಳಕಿಗೆ ಹಿಡಿದೆ. ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ಹತ್ತು ನಿಮಿಷ ತಿರುಗಿಸಿದರೆ ಕೆಂಪು ಕಣಗಳು ಕೆಳಗೆ ಕೂರುತ್ತವೆ. ಮಧ್ಯೆ ಜೆಲ್, ಮೇಲೆ ಸೀರಮ್. ಸೀರಮ್ ತಿಳಿ ಹಳದಿಯಾಗಿ, ಆಚೆ ಕಡೆ ಇಟ್ಟ ಅಕ್ಷರ ಓದುವ ಹಾಗಿರಬೇಕು. ನನ್ನದು ಸ್ವಲ್ಪ ಮಂಕಾಗಿತ್ತು. ಟ್ರೈಗ್ಲಿಸರೈಡ್ ಏಳೆಂಟು ನೂರು ದಾಟಿದವರ ಸೀರಮ್ ಅಕ್ಕಚ್ಚಿನ ಹಾಗೆ ಬೆಳ್ಳಗಿರುತ್ತದೆ. ಆದರೆ ಒಂದು ಮಾತು ಹೇಳಲೇಬೇಕು. ಈ ಬಿಳುಪು ಟ್ರೈಗ್ಲಿಸರೈಡಿನದು, ಕೊಲೆಸ್ಟ್ರಾಲಿನದಲ್ಲ. ಎಲ್‌ಡಿಎಲ್ 220 ಇದ್ದವರ ಸೀರಮ್ ಕನ್ನಡಿಯಂತೆ ತಿಳಿಯಾಗಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೊಲೆಸ್ಟ್ರಾಲ್ ಕಣ್ಣಿಗೆ ಕಾಣುವುದಿಲ್ಲ. ಮೈಯಲ್ಲೂ ಗೊತ್ತಾಗುವುದಿಲ್ಲ.

ಇನ್ನು ಆ 114. ಹೆಚ್ಚಿನ ರಿಪೋರ್ಟುಗಳಲ್ಲಿ ಎಲ್‌ಡಿಎಲ್ ಅಳೆದ ಸಂಖ್ಯೆಯಲ್ಲ, ಲೆಕ್ಕ ಹಾಕಿದ ಸಂಖ್ಯೆ. 1972ರಲ್ಲಿ ಅಮೆರಿಕದ ಫ್ರೀಡ್‌ವಾಲ್ಡ್ ಮತ್ತು ಜೊತೆಯವರು ಕೊಟ್ಟ ಸೂತ್ರ ಇವತ್ತಿಗೂ ಎಷ್ಟೋ ಲ್ಯಾಬ್‌ಗಳಲ್ಲಿ ನಡೆಯುತ್ತಿದೆ. ಟೋಟಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಿರಿ. ನನ್ನದು 196ರಲ್ಲಿ 34 ಹೋಯಿತು, 240ರ ಐದನೇ ಒಂದು ಭಾಗ 48 ಹೋಯಿತು. ಉಳಿದದ್ದು 114. ನಿಮ್ಮ ರಿಪೋರ್ಟ್ ತೆಗೆದು ಹೀಗೇ ಕಳೆದು ನೋಡಿ, ಲೆಕ್ಕ ಹಾಕಿದ್ದಾದರೆ ಅಷ್ಟೇ ಬರುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ನಂಬುವಂತಿಲ್ಲ. ಆಗ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯಬೇಕು. 400ರ ಒಳಗೇ ಇದ್ದರೂ ಟ್ರೈಗ್ಲಿಸರೈಡ್ ಜಾಸ್ತಿಯಾದಷ್ಟೂ ಸೂತ್ರ ಎಲ್‌ಡಿಎಲ್ಲನ್ನು ಕಡಿಮೆ ತೋರಿಸುವ ಕಡೆಗೆ ವಾಲುತ್ತದೆ.

ನಮ್ಮ ಲ್ಯಾಬಿಗೆ ಬರುವ ವೈದ್ಯರೊಬ್ಬರಿಗೆ ರಿಪೋರ್ಟ್ ತೋರಿಸಿದೆ. ಅವರು ಟೋಟಲ್ ಕಡೆ ನೋಡಲೇ ಇಲ್ಲ. ಪೆನ್ನು ತೆಗೆದು 196ರಲ್ಲಿ 34 ಕಳೆದು, ಅಂಚಿನಲ್ಲಿ 162 ಎಂದು ಬರೆದು ಸುತ್ತು ಹಾಕಿದರು. "ಇದು ನಿನ್ನ ನಂಬರ್" ಅಂದರು. ಅದನ್ನು ನಾನ್ ಎಚ್‌ಡಿಎಲ್ ಅನ್ನುತ್ತಾರೆ. ರಕ್ತನಾಳಕ್ಕೆ ತೊಂದರೆ ಕೊಡುವ ಕಣಗಳಲ್ಲಿರುವ ಕೊಲೆಸ್ಟ್ರಾಲ್ ಎಲ್ಲ ಅದರಲ್ಲಿ ಬಂತು. ಎಲ್‌ಡಿಎಲ್ 100ರ ಒಳಗಿರಬೇಕು ಎನ್ನುವವರಿಗೆ ಇದು 130ರ ಒಳಗಿರಬೇಕು. ಯಾವಾಗಲೂ 30 ಸೇರಿಸಿಕೊಂಡರೆ ಆಯಿತು. ಇದಕ್ಕೆ ಖಾಲಿ ಹೊಟ್ಟೆಯೂ ಬೇಕಿಲ್ಲ, ಬೇರೆ ದುಡ್ಡೂ ಕೊಡಬೇಕಿಲ್ಲ. ಒಂದೇ ಒಂದು ಕಳೆಯುವ ಲೆಕ್ಕ. ಎಷ್ಟೋ ರಿಪೋರ್ಟುಗಳಲ್ಲಿ ಈ ಸಾಲೇ ಇರುವುದಿಲ್ಲ ಎನ್ನುವುದು ನನಗೆ ನಿಜವಾಗಿಯೂ ಬೇಸರದ ವಿಷಯ.

ನನ್ನ ಟೋಟಲ್ ಯಾಕೆ ಚೆನ್ನಾಗಿ ಕಂಡಿತು ಎನ್ನುವುದೂ ಆಗ ಅರ್ಥವಾಯಿತು. ಒಳ್ಳೆಯ ಎಚ್‌ಡಿಎಲ್ ಕಡಿಮೆ ಇದ್ದದ್ದಕ್ಕೇ ಟೋಟಲ್ ಇನ್ನೂರರ ಒಳಗೆ ನಿಂತಿತ್ತು. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ, ಎಲ್‌ಡಿಎಲ್ ಸುಮಾರು. ಈ ಜೋಡಿ ನಮ್ಮ ಜನರಲ್ಲಿ ಬಹಳ. ಹೊಟ್ಟೆ ಸುತ್ತ ಬೊಜ್ಜು, ಸಕ್ಕರೆ ಕಾಯಿಲೆಯ ಅಂಚು, ಇವುಗಳ ಜೊತೆಗೇ ಬರುತ್ತದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ನನ್ನದು 5.9 ಇತ್ತು. ಸಕ್ಕರೆ ಕಾಯಿಲೆ ಅಲ್ಲ, ಆದರೆ ಹೊಸ್ತಿಲ ಮೇಲೆ.

ಇನ್ನೊಂದು ವಿಷಯವನ್ನು ವೈದ್ಯರು ಆಲೂಗಡ್ಡೆ ಲೆಕ್ಕದಲ್ಲಿ ಹೇಳಿದರು. ಹಾಸನದವರಿಗೆ ಅದಕ್ಕಿಂತ ಸುಲಭದ ಲೆಕ್ಕ ಇಲ್ಲ. "ನಿಮ್ಮ ಲ್ಯಾಬ್ ಅಳೆಯೋದು ಆಲೂಗಡ್ಡೆ ತೂಕ. ರಸ್ತೆ ಹಾಳು ಮಾಡೋದು ಲಾರಿ" ಅಂದರು. ಕೊಲೆಸ್ಟ್ರಾಲ್ ಎಂದರೆ ಸರಕು. ಅದನ್ನು ಹೊತ್ತು ತಿರುಗುವ ಕಣಗಳು ಲಾರಿಗಳು. ರಕ್ತನಾಳದ ಒಳಪದರಕ್ಕೆ ನುಗ್ಗಿ ಸಿಕ್ಕಿಕೊಳ್ಳುವುದು ಆ ಕಣಗಳು. ಟ್ರೈಗ್ಲಿಸರೈಡ್ ಜಾಸ್ತಿ ಇದ್ದಾಗ ಒಂದೊಂದು ಎಲ್‌ಡಿಎಲ್ ಕಣದಲ್ಲೂ ಕೊಲೆಸ್ಟ್ರಾಲ್ ಕಡಿಮೆ ಇರುತ್ತದೆ. ಸಣ್ಣ ಲಾರಿಗಳು, ಆದರೆ ತುಂಬಾ ಲಾರಿಗಳು. ತೂಕ ನೋಡಿದರೆ 114, ಸುಮಾರಾಗಿ ಕಾಣುತ್ತದೆ. ಲಾರಿ ಎಣಿಸಿದರೆ ಗೊತ್ತಾಗುತ್ತದೆ. ಲಾರಿ ಎಣಿಸುವ ಪರೀಕ್ಷೆ ಅಪೊ ಬಿ. ಪ್ರತಿ ಕಣಕ್ಕೂ ಒಂದೇ ಒಂದು ಅಪೊ ಬಿ ಪ್ರೋಟೀನ್ ಇರುವುದರಿಂದ ಲೆಕ್ಕ ನೇರ. ಅದು ಸಿಗದ ಕಡೆ ನಾನ್ ಎಚ್‌ಡಿಎಲ್ ಸಾಕಷ್ಟು ಹತ್ತಿರಕ್ಕೆ ಬರುತ್ತದೆ.

ರಕ್ತ ಕೊಡುವ ವಿಷಯಕ್ಕೆ ಬರುತ್ತೇನೆ, ಇದು ನನ್ನ ಕೆಲಸ. ಖಾಲಿ ಹೊಟ್ಟೆ ಎಂದರೆ 9ರಿಂದ 12 ಗಂಟೆ, ನೀರು ಕುಡಿಯಬಹುದು. ಊಟ ಮಾಡಿ ಬಂದರೆ ಮುಖ್ಯವಾಗಿ ಏರುವುದು ಟ್ರೈಗ್ಲಿಸರೈಡ್. ಟೋಟಲ್, ಎಚ್‌ಡಿಎಲ್ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಮೊದಲ ಪರೀಕ್ಷೆಗೆ ಈಗ ಖಾಲಿ ಹೊಟ್ಟೆಯೇ ಬೇಕು ಎಂದು ಹಟ ಹಿಡಿಯುವುದಿಲ್ಲ. ಟ್ರೈಗ್ಲಿಸರೈಡ್ ಜಾಸ್ತಿ ಬಂದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ನೋಡಬೇಕು. ಹಿಂದಿನ ರಾತ್ರಿ ಕುಡಿದಿದ್ದರೂ ಅದು ಏರುತ್ತದೆ. ಡೆಂಗಿ, ನ್ಯುಮೋನಿಯಾ ಅಂಥದ್ದು ಬಂದು ಹೋದ ಹೊಸದರಲ್ಲಿ ಕೊಲೆಸ್ಟ್ರಾಲ್ ಇಳಿದಿರುತ್ತದೆ. ಜ್ವರ ಬಿಟ್ಟ ವಾರವೇ ಪರೀಕ್ಷೆ ಮಾಡಿಸಿ ಖುಷಿಪಡಬೇಡಿ. ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತಾ ನಿಮಿಷಗಟ್ಟಲೆ ಬಿಟ್ಟರೂ ಸಂಖ್ಯೆ ಏರುತ್ತದೆ. ನಾನು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ ಇದು: ಒಂದು ನಿಮಿಷದೊಳಗೆ ಪಟ್ಟಿ ಸಡಿಲ ಮಾಡು.

ಥೈರಾಯ್ಡ್ ಮರೆಯಬಾರದು. ನನ್ನ ಹೆಂಡತಿಯ ಎಲ್‌ಡಿಎಲ್ 168 ಬಂದಾಗ ಮನೆಯಲ್ಲಿ ತುಪ್ಪದ ಡಬ್ಬಿಯ ಮೇಲೆ ತಪ್ಪು ಹೊರಿಸಿದೆವು. ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್ ನೋಡಿದರೆ 14, ಥೈರಾಯ್ಡ್ ಮಂದವಾಗಿತ್ತು. ಥೈರಾಯ್ಡ್ ಮಾತ್ರೆ ಶುರು ಮಾಡಿ ಕೆಲವು ತಿಂಗಳಿಗೆ ಎಲ್‌ಡಿಎಲ್ 121ಕ್ಕೆ ಇಳಿಯಿತು.

ಆ ಜುಲೈನಲ್ಲೇ ನಡೆದ ಇನ್ನೊಂದು ವಿಷಯ ಹೇಳಬೇಕು. ಐವತ್ತರ ಆಸುಪಾಸಿನ ಒಬ್ಬರು ಬಂದರು. ಹಣೆಯ ಮೇಲೆ ಬೆವರು. ಎಡಗೈಯಿಂದ ಎದೆ ಉಜ್ಜಿಕೊಳ್ಳುತ್ತಾ, "ಬೆಳಿಗ್ಗೆಯಿಂದ ಎದೆ ಬಿಗಿದಂಗೆ ಆಗ್ತಿದೆ, ಕೊಲೆಸ್ಟ್ರಾಲ್ ನೋಡ್ಬಿಡಿ" ಅಂದರು. ಹೊಟ್ಟೆಯೊಳಗೆ ತಣ್ಣಗಾಯಿತು ನನಗೆ. ಅಪ್ಪನೂ ಹೀಗೇ ಎದೆ ಉಜ್ಜಿಕೊಂಡಿದ್ದರು. ಅವತ್ತು ನರ್ಸಿಂಗ್ ಹೋಮ್ ಒಂದರಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದ್ದರು. ಬೆಳಗಾಗುವಷ್ಟರಲ್ಲಿ ಅಪ್ಪ ಇರಲಿಲ್ಲ. ನಾನು ಎದುರಿಗಿದ್ದವರ ರಕ್ತ ತೆಗೆಯಲಿಲ್ಲ. ಆಟೋ ಹತ್ತಿಸಿ, ಜೊತೆಗೆ ನಮ್ಮ ಹುಡುಗನನ್ನೂ ಕೂರಿಸಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಇಸಿಜಿ ಮಾಡಿದ ಕೂಡಲೇ ಹೃದಯಾಘಾತ ಎಂದು ಗೊತ್ತಾಯಿತು. ಬದುಕಿದರು. ಎದೆ ನೋವು ಇರುವಾಗ ಕೊಲೆಸ್ಟ್ರಾಲ್ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ಆಗ ಬೇಕಾದದ್ದು ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೊನಿನ್ ರಕ್ತಪರೀಕ್ಷೆ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಹಾಗೆಯೇ ಇವತ್ತಿನ ಇಸಿಜಿ ಚೆನ್ನಾಗಿದೆ ಎಂದರೆ ಇವತ್ತಿನ ಮಾತು ಅಷ್ಟೇ. ಮುಂದಿನ ವರ್ಷದ ಭರವಸೆ ಅಲ್ಲ.

ಮುಂದಿನ ವರ್ಷಗಳ ಲೆಕ್ಕಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಬಣ್ಣದ ಚಾರ್ಟ್ ಇದೆ. 2019ರಲ್ಲಿ ಹೊಸದಾಗಿ ಬಂದದ್ದು, ದಕ್ಷಿಣ ಏಷ್ಯಾಕ್ಕೆ ಬೇರೆಯೇ ಇದೆ. ವಯಸ್ಸು, ಗಂಡೋ ಹೆಣ್ಣೋ, ಸಿಗರೇಟ್, ಸಕ್ಕರೆ ಕಾಯಿಲೆ, ಬಿಪಿಯ ಮೇಲಿನ ಸಂಖ್ಯೆ, ಟೋಟಲ್ ಕೊಲೆಸ್ಟ್ರಾಲ್ ಇಷ್ಟು ನೋಡಿ ಒಂದು ಚೌಕದ ಮೇಲೆ ಬೆರಳಿಡಬೇಕು. ಚೌಕದಲ್ಲಿ 5 ಎಂದಿದ್ದರೆ, ನಿಮ್ಮಂಥ 100 ಜನರಲ್ಲಿ 5 ಜನರಿಗೆ ಹತ್ತು ವರ್ಷದಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗಬಹುದು ಎಂದು ಅರ್ಥ. ನನ್ನ ಬಿಪಿ 138. ಸಿಗರೇಟ್ ಇಲ್ಲ. ನನ್ನ ಬೆರಳು ಕಡಿಮೆ ಅಪಾಯದ ಬಣ್ಣಗಳ ಕಡೆಗೇ ಬಂದು ನಿಂತಿತು. ಆದರೆ ಆ ಚಾರ್ಟ್‌ನಲ್ಲಿ ಅಪ್ಪ ಇಲ್ಲ. ಎಚ್‌ಡಿಎಲ್ ಇಲ್ಲ, ಟ್ರೈಗ್ಲಿಸರೈಡೂ ಇಲ್ಲ. ಅಪ್ಪನಿಗೋ ಅಣ್ಣತಮ್ಮಂದಿರಿಗೋ 55ರ ಮೊದಲು, ಅಮ್ಮನಿಗೋ ಅಕ್ಕತಂಗಿಯರಿಗೋ 65ರ ಮೊದಲು ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ಮನೆತನದ ಅಪಾಯ ಎಂದು ಹಿಡಿಯುತ್ತಾರೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ನಡುವಯಸ್ಸು ನಮ್ಮ ದಕ್ಷಿಣ ಏಷ್ಯಾದವರಲ್ಲಿ 53, ಬೇರೆಯವರಲ್ಲಿ ಸುಮಾರು 59 ಇತ್ತು. ಹೆಚ್ಚುಕಡಿಮೆ ಆರು ವರ್ಷ ಮೊದಲೇ.

"ಮೂರು ತಿಂಗಳು ಮಾತ್ರೆ ಇಲ್ಲದೆ ನೋಡೋಣ" ಅಂದರು ವೈದ್ಯರು. ನಾನು ಎಣ್ಣೆ ಬಿಡಬೇಕೇನೋ ಅಂದುಕೊಂಡಿದ್ದೆ. ಆದರೆ ಟ್ರೈಗ್ಲಿಸರೈಡಿಗೆ ಕಾರಣ ನನ್ನ ತಟ್ಟೆಯ ಅನ್ನದ ಗುಡ್ಡೆ, ದಿನಕ್ಕೆ ಐದು ಲೋಟ ಕಾಫಿಯ ಎರಡೆರಡು ಚಮಚ ಸಕ್ಕರೆ, ಶನಿವಾರದ ಬಿಯರ್. ಸಕ್ಕರೆ, ಬಿಯರ್ ಎರಡನ್ನೂ ಬಿಟ್ಟೆ. ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಹುರುಳಿಕಾಳು, ಸೊಪ್ಪು, ಒಂದು ಸಣ್ಣ ಮುದ್ದೆ. ಬೆಳಿಗ್ಗೆ ಮಹಾರಾಜ ಪಾರ್ಕ್‌ನಲ್ಲಿ ಮುಕ್ಕಾಲು ಗಂಟೆ ಬಿರುಸು ನಡಿಗೆ. 81 ಕೆ.ಜಿ. ಇದ್ದವನು 76ಕ್ಕೆ ಬಂದೆ. ಎಣ್ಣೆ ಪ್ಯಾಕೆಟ್ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಎಂದು ಬರೆದದ್ದನ್ನು ನೋಡಿ ಕೊಳ್ಳುವುದನ್ನೂ ಬಿಟ್ಟೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ, ತಾಳೆ ಎಣ್ಣೆಯಲ್ಲೂ ಇಲ್ಲ. ನೋಡಬೇಕಾದ್ದು ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ ಎಂದು.

ಮೂರು ತಿಂಗಳಿಗೆ ಟ್ರೈಗ್ಲಿಸರೈಡ್ 240ರಿಂದ 158ಕ್ಕೆ ಬಿತ್ತು. ಬಿಪಿ 126. ಎಲ್‌ಡಿಎಲ್ ಮಾತ್ರ 110. ಜಗ್ಗಲೇ ಇಲ್ಲ. ನಾನ್ ಎಚ್‌ಡಿಎಲ್ 142.

ಆಗ ಅವರು ಇನ್ನೊಂದು ಪರೀಕ್ಷೆ ಬರೆದರು: ಲೈಪೊಪ್ರೋಟೀನ್ ಲಿಟಲ್ ಎ. ಎಲ್‌ಡಿಎಲ್ ತರಹದ್ದೇ ಕಣ, ಮೇಲೊಂದು ಬಾಲ ಅಂಟಿರುತ್ತದೆ. ಇದು ಹೆಚ್ಚುಕಡಿಮೆ ಹುಟ್ಟಿನಿಂದಲೇ ಗೊತ್ತಾದದ್ದು. ಊಟ, ನಡಿಗೆ ಯಾವುದಕ್ಕೂ ಅಷ್ಟಾಗಿ ಬಗ್ಗುವುದಿಲ್ಲ. ಹಾಗಾಗಿ ಜೀವಮಾನದಲ್ಲಿ ಒಮ್ಮೆ ನೋಡಿದರೆ ಸಾಮಾನ್ಯವಾಗಿ ಸಾಕು. 50 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು ಎಂದು ಹಿಡಿಯುತ್ತಾರೆ. ನನ್ನದು 78. ಆ ಸಂಖ್ಯೆ ನೋಡಿದಾಗ ಅಪ್ಪನ ಮುಖ ಕಣ್ಣ ಮುಂದೆ ಬಂತು. ಅವರು ಬೀಡಿ ಸೇದುತ್ತಿರಲಿಲ್ಲ, ದಪ್ಪ ಇರಲಿಲ್ಲ, ಗದ್ದೆಯಲ್ಲಿ ದುಡಿಯುತ್ತಿದ್ದರು. 26 ವರ್ಷ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಗೆ ಇದು ಉತ್ತರ ಇದ್ದರೂ ಇರಬಹುದು.

ಅದನ್ನು ಇಳಿಸಲಾಗದಿದ್ದರೆ ಇಳಿಸಲು ಆಗುವ ಎಲ್ಲವನ್ನೂ ಇಳಿಸಬೇಕು ಎಂದು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ ರೋಸುವಾಸ್ಟಾಟಿನ್ 10 ಮಿಲಿಗ್ರಾಂ ಶುರು ಮಾಡಿದರು. ಸ್ಟಾಟಿನ್ ಎಂದರೆ ಲಿವರ್ ಹೋಗುತ್ತದೆ ಎಂದು ನಮ್ಮ ನೆಂಟರಲ್ಲಿ ಎಲ್ಲರೂ ಹೆದರಿಸಿದರು. ಶುರು ಮಾಡುವ ಮೊದಲು ಲಿವರ್ ಪರೀಕ್ಷೆ ಮಾಡಿಸಿದೆ, ಎರಡು ತಿಂಗಳಾದ ಮೇಲೂ ಮಾಡಿಸಿದೆ. ಎರಡೂ ಸರಿ ಇದ್ದವು. ಮೈಕೈ ನೋವು ಬಂದರೆ ತಾನಾಗಿ ನಿಲ್ಲಿಸದೆ ಬಂದು ಹೇಳು ಅಂದಿದ್ದರು. ಬರಲಿಲ್ಲ. ಎಲ್‌ಡಿಎಲ್ 62, ನಾನ್ ಎಚ್‌ಡಿಎಲ್ 88. ಇದು ನನಗೆ ಕೊಟ್ಟ ಮಾತ್ರೆ. ನಿಮಗೆ ಬೇಕೋ ಬೇಡವೋ ಎಂಬುದನ್ನು ನಿಮ್ಮನ್ನು ನೋಡಿದ ವೈದ್ಯರು ಹೇಳಬೇಕು.

ಲಿಟಲ್ ಎ ಮನೆತನದ್ದಾದ್ದರಿಂದ ತಮ್ಮನನ್ನೂ ಕರೆಸಿದೆ. ಬೆಂಗಳೂರಿನಲ್ಲಿದ್ದಾನೆ, 41. ಭಾನುವಾರ ಬಂದ. ನಾನೇ ರಕ್ತ ತೆಗೆದೆ. ಅವನದು 12 ಬಂತು, ನನಗೆ ಬಂದದ್ದು ಅವನಿಗೆ ಬಂದಿಲ್ಲ. ಕೇಳಿ ನಿರಾಳವಾಗಿ ನಕ್ಕ. ಅವನ ಶರ್ಟಿನ ಜೇಬಿನಲ್ಲಿ ಸಿಗರೇಟ್ ಪ್ಯಾಕ್ ಇತ್ತು. ಆ ಬಣ್ಣದ ಚಾರ್ಟ್ ತೆಗೆದು ಅವನ ಬೆರಳನ್ನು ಮೊದಲು ಸೇದದವರ ಚೌಕದ ಮೇಲೆ, ಆಮೇಲೆ ಅದೇ ವಯಸ್ಸಿನ ಸೇದುವವರ ಚೌಕದ ಮೇಲೆ ಇಡಿಸಿದೆ. ಎರಡನ್ನೂ ಬಹಳ ಹೊತ್ತು ನೋಡಿದ. ಇನ್ನೂ ಬಿಟ್ಟಿಲ್ಲ. ಆದರೆ ಆ ಚಾರ್ಟ್‌ನ ಫೋಟೋ ತೆಗೆದುಕೊಂಡು ಹೋಗಿದ್ದಾನೆ.