ಹುಣಸೆ ಬೀಜ ಕೊಟ್ಟು ಕೇಳಿದ ಪ್ರಶ್ನೆ

"ಓಟಿಗೆ ದುಡ್ಡು ತಗೊಂಡಿದ್ದೀರಾ?" ಅಂತ ಜಗಲಿ ಮೇಲೆ ಕೂತು ಕೇಳಿದರೆ ಯಾರು ಹೂಂ ಅಂತಾರೆ? ಬಯಲುಸೀಮೆಯ ಹಳ್ಳಿಗಳಲ್ಲಿ ಸರ್ವೆಗೆ ಹೋದಾಗ ನಮಗೆ ಸಿಗುತ್ತಿದ್ದ ಉತ್ತರ ಒಂದೇ. "ನಮ್ಮೂರಲ್ಲಿ ಅದೆಲ್ಲ ಇಲ್ಲ ಸ್ವಾಮಿ, ಪಕ್ಕದೂರಲ್ಲಿ ಕೇಳಿ." ಪಕ್ಕದೂರಲ್ಲೂ ಅದೇ ಮಾತು!

ಮೊದಲು ದಾಳ ಹಿಡಿದೆವು. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಅನ್ನುವ ಸಂಶೋಧಕ ತೋರಿಸಿದ ಉಪಾಯದ ಒಂದು ಬಗೆ ಇದು. ನಮಗೆ ಕಾಣದಂತೆ ಅವರು ದಾಳ ಉರುಳಿಸಬೇಕು. 1 ಬಿದ್ದರೆ ಸುಮ್ನೆ ಹೌದು ಅನ್ನಬೇಕು, 6 ಬಿದ್ದರೆ ಸುಮ್ನೆ ಇಲ್ಲ. ಬೇರೇನು ಬಿದ್ದರೂ ನಿಜ ಹೇಳಬೇಕು. 600 ಜನರಲ್ಲಿ 200 ಹೌದು ಬಂತು ಅನ್ನಿ. ಅದರಲ್ಲಿ ಸುಮಾರು 100 ದಾಳದ್ದು. ಉಳಿದ 100 ಬಂದದ್ದು ನಿಜ ಹೇಳಬೇಕಿದ್ದ 400 ಜನರಿಂದ, ಅಂದರೆ ನೂರಕ್ಕೆ 25. ಯಾರು ಅಂತ ನಮಗೂ ಗೊತ್ತಾಗುವುದಿಲ್ಲ. ಆದರೆ ಒಬ್ಬ ಅಜ್ಜ ದಾಳ ನೋಡಿ ಕೇಳಿಯೇಬಿಟ್ಟರು: "ಒಂದು ಬಿತ್ತು ಅಂತ, ತಗೊಳ್ಳದೇ ಇರೋನು ತಗೊಂಡೆ ಅಂತ ಯಾಕಪ್ಪಾ ಹೇಳಲಿ?" ನ್ಯಾಯವೇ, ಅಲ್ವಾ?

ಆಮೇಲೆ ಪಟ್ಟಿಗೆ ಬಂದೆವು. ಅರ್ಧ ಜನಕ್ಕೆ 4 ಸಂಗತಿ ಓದುವುದು, ಇನ್ನರ್ಧಕ್ಕೆ ಅದೇ 4ರ ಜೊತೆ ದುಡ್ಡಿನದೂ ಒಂದು. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ. ಎಷ್ಟು ನಿಜ ಅಂತ ಲೆಕ್ಕ ಹೇಳಿದರೆ ಸಾಕು, ಯಾವುದು ಅಂತ ಬೇಡ. 4 ಕೇಳಿದವರ ಸರಾಸರಿ 1.8, 5 ಕೇಳಿದವರದು 2.1 ಬಂದರೆ, ಹೆಚ್ಚಾದ 0.3 ದುಡ್ಡಿನದು; ಅಂದರೆ ನೂರಕ್ಕೆ 30 ಜನ ತಗೊಂಡಿದ್ದಾರೆ ಅಂತ ಅಂದಾಜು.

ಇಲ್ಲಿ ಎಡವಿದ್ದು ನಾನೇ. ಪ್ರಚಾರದ ಆಟೋ ಕೂಗು ಕೇಳಿದ್ದು, ಓಟು ಹಾಕಿದ್ದು, ಇಂಥವನ್ನೇ ಬರೆದಿದ್ದೆ. ಎಲ್ಲರಿಗೂ ಆಗಿರುವ ಸಂಗತಿಗಳು. 5 ಅಂದವರ ಗುಟ್ಟು ಅಲ್ಲೇ ರಟ್ಟು! ಪಟ್ಟಿ ಬದಲಿಸಿ, ಒಟ್ಟಿಗೆ ಹೊಂದದ ಎರಡನ್ನು ಸೇರಿಸಿದೆವು: "ಓಟಿಗೆಂದೇ ಬೆಂಗಳೂರಿಂದ ಬಂದೆ", "ಆ ತಿಂಗಳೆಲ್ಲ ಊರಲ್ಲೇ ಇದ್ದೆ".

ಆದರೂ ಜನ "ಮೊದಲನೇದು ಹೌದು, ಎರಡನೇದು ಇಲ್ಲ" ಅಂತ ಜೋರಾಗಿ ಹೇಳಿಬಿಡುತ್ತಿದ್ದರು. ಅದಕ್ಕೆ ಎಲ್ಲರ ಎಡಗೈಗೂ 5 ಹುಣಸೆ ಬೀಜ ಕೊಟ್ಟೆವು. ಓದಿದ್ದು ನಿಜವಾದರೆ ಸೆರಗಿನ ಮರೆಯಲ್ಲೋ ಟವೆಲಿನ ಕೆಳಗೋ ಒಂದು ಬೀಜ ಬಲಗೈಗೆ. ಕೊನೆಗೆ ಬಲಗೈಯಲ್ಲಿ ಎಷ್ಟಿವೆ ಅಂತ ಮಾತ್ರ ಹೇಳುವುದು. ಚೌಕಾಬಾರ ಆಡಿದ ಕೈಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಸರ್ವೆ ಮಾಡಿಸಿದವರು ಊರುವಾರು ಲೆಕ್ಕ ಕೇಳಿದರು. ಕೊಡಲಿಲ್ಲ. ಈ ವಿಧಾನಕ್ಕೆ ನೇರ ಪ್ರಶ್ನೆಗಿಂತ ಎಷ್ಟೋ ಜಾಸ್ತಿ ಜನ ಬೇಕು. ಒಂದು ಸಣ್ಣ ಊರಲ್ಲಿ 5 ಕೇಳಿದವರ ಸರಾಸರಿಯೇ ಕಡಿಮೆ ಬಂದು, ಉತ್ತರ ಸೊನ್ನೆಗಿಂತ ಕೆಳಗೇ ಇಳಿದಿತ್ತು.