ದಾಳ ಉರುಳುವ ರಾತ್ರಿಗೆ ಅಡುಗೆ

ಮನೆಯಲ್ಲಿ ಮಕ್ಕಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಆಡಲು ಗೆಳೆಯರನ್ನು ಕರೆದಿದ್ದಾರೆ ಅಂದರೆ, ಅಡುಗೆಮನೆಗೆ ಹೋಗುವ ಮುಂಚೆ ಆಟದ ಮೇಜನ್ನು ಒಮ್ಮೆ ನೋಡಿ ಬನ್ನಿ. ಹರಡಿದ ನಕ್ಷೆ, ತಮ್ಮ ತಮ್ಮ ಪಾತ್ರದ ವಿವರವನ್ನು ಪೆನ್ಸಿಲಿನಲ್ಲಿ ಬರೆದ ಕ್ಯಾರೆಕ್ಟರ್ ಶೀಟು, ಕೂತು ಕೂತು ಬಣ್ಣ ಬಳಿದ ಬೆರಳುದ್ದದ ಬೊಂಬೆಗಳು, ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳು. ಅದರ ಮೇಲೆ ಎಣ್ಣೆ ಕೈ ಇಟ್ಟರೆ ಮುಗಿಯಿತು. ಬಜ್ಜಿ ಬೋಂಡಾ ಎಷ್ಟೇ ಚೆನ್ನಾಗಿರಲಿ, ಆ ಮೇಜಿಗೆ ಬೇಡ. ಒಂದೇ ಕೈಯಲ್ಲಿ ತಿನ್ನುವ ಹಾಗಿರಬೇಕು, ಬೆರಳಿಗೆ ಅಂಟಬಾರದು, ಆರಿದರೂ ರುಚಿ ಕೆಡಬಾರದು. ನಾವು ಚೌಕಾಬಾರ ಆಡುವಾಗ ಪಕ್ಕದಲ್ಲಿ ಹುರಿಗಾಳು, ಪುಟಾಣಿ ಇಟ್ಟುಕೊಳ್ಳುತ್ತಿದ್ದುದು ಇದಕ್ಕೇ. ಕವಡೆ ಜಾರಬಾರದು ಅಲ್ವಾ?

ಈ ಆಟ 1974ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಈಗ ನಮ್ಮ ಬೆಂಗಳೂರು, ಮೈಸೂರಿನ ಮನೆಗಳಲ್ಲೂ ಶನಿವಾರ ಸಂಜೆ ಕೂತರೆ ನಾಲ್ಕೈದು ಗಂಟೆ ಏಳುವುದಿಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಿಎಂ, ಅಂದರೆ ಡಂಜನ್ ಮಾಸ್ಟರ್ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರ. ಹಿಂದಿನ ದಿನವೇ ಆ ಡಿಎಂ ಹುಡುಗನನ್ನೋ ಹುಡುಗಿಯನ್ನೋ ಪಕ್ಕಕ್ಕೆ ಕರೆದು ಕೇಳಿ: "ನಾಳೆ ಇವರನ್ನೆಲ್ಲ ಎಲ್ಲಿಗೆ ಕರೆದುಕೊಂಡು ಹೋಗ್ತೀಯಪ್ಪಾ?" "ಮೊದಲು ಕಾಡು ಅಜ್ಜಿ, ಆಮೇಲೆ ಗುಹೆ, ಕೊನೆಗೆ ಡ್ರ್ಯಾಗನ್. ಯಾರಿಗೂ ಹೇಳಬೇಡಿ" ಅಂತ ಪಿಸುಗುಟ್ಟುತ್ತಾರೆ. ನಿಮಗೆ ಅಷ್ಟು ಸಾಕು. ಕಥೆ ಕಾಡಿನಲ್ಲಿದ್ದಾಗ ಕಾಡಿನ ತಿಂಡಿ, ಗುಹೆಯಲ್ಲಿದ್ದಾಗ ಗುಹೆಯ ತಿಂಡಿ ಹೋಗಬೇಕು. ಎಲ್ಲವನ್ನೂ ಒಟ್ಟಿಗೆ ಮೇಜಿಗೆ ತಂದು ಸುರಿದರೆ ಅದು ಸುಮ್ನೆ ಒಂದು ಪಾರ್ಟಿ ಆಗುತ್ತದೆ. ಅದೇ ತಿಂಡಿ ಸರಿಯಾದ ಹೊತ್ತಿಗೆ ಬಂದರೆ ಕಥೆಯೊಳಗಿನಿಂದಲೇ ಎದ್ದು ಬಂದಂತಿರುತ್ತದೆ.

ಮದ್ದಿನಿಂದ ಶುರು ಮಾಡುತ್ತೇನೆ, ಏಕೆಂದರೆ ಮಕ್ಕಳಿಗೆ ಅದರ ಮೇಲೇ ಜಾಸ್ತಿ ಆಸೆ. ಈ ಆಟದಲ್ಲಿ ಗಾಯ ಮಾಯಿಸುವ ಮದ್ದು ಕೆಂಪು ಬಣ್ಣದ್ದು. ಅದನ್ನು ಕುಡಿದ ಪಾತ್ರ ನಾಲ್ಕು ಮುಖದ ಎರಡು ದಾಳ ಉರುಳಿಸಿ, ಬಂದದ್ದಕ್ಕೆ 2 ಸೇರಿಸಿ, ಅಷ್ಟು ಪ್ರಾಣಬಲ ವಾಪಸು ಪಡೆಯುತ್ತದೆ. ನಮ್ಮಲ್ಲಿ ಇದಕ್ಕೆ ಪುನರ್ಪುಳಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಶಿರಸಿ ಕಡೆಯವರು ಮುರುಗಲು ಅನ್ನುತ್ತಾರೆ, ಕೋಕಂ ಅಂದರೂ ಇದೇ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ 12 ಒಣ ಸಿಪ್ಪೆ ಹಾಕಿ ಒಂದು ಗಂಟೆ ಬಿಡಿ. ಕೈಯಲ್ಲಿ ಚೆನ್ನಾಗಿ ಕಿವುಚಿ ಸೋಸಿ. ಸಕ್ಕರೆ ಹಾಕಿ, ಬೆಲ್ಲ ಬೇಡ, ಬಣ್ಣ ಮಂಕಾಗುತ್ತದೆ. ಚಿಟಿಕೆ ಉಪ್ಪು, ಎರಡು ಏಲಕ್ಕಿ. ಹುಳಿ ಇರುವುದರಿಂದ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಮುಟ್ಟಬೇಡಿ. ಸ್ಟೀಲು ಅಥವಾ ಗಾಜು. ಬೆಳಕಿಗೆ ಹಿಡಿದು ನೋಡಿದರೆ ಮಾಣಿಕ್ಯದ ಕೆಂಪು ಇರಬೇಕು. ಸಣ್ಣ ಗಾಜಿನ ಬಾಟಲಿಗಳಲ್ಲಿ ತುಂಬಿ, ಬಿರಡೆ ಹಾಕಿ, ಫ್ರಿಜ್ಜಿನಲ್ಲಿಡಿ. ಒಂದೊಂದರಲ್ಲಿ ಎರಡು ಮೂರು ಗುಟುಕು ಸಾಕು. ಔಷಧಿ ಬಾಟಲಿ ತೊಳೆದು ಬಳಸುವುದು ಬೇಡ, ಎಷ್ಟು ಕುದಿಸಿದರೂ ಅದರ ವಾಸನೆ ಹೋಗುವುದಿಲ್ಲ. ಪಾತ್ರ ಮದ್ದು ಕುಡಿದಾಗ ಮಾತ್ರ ಆಡುವವರು ಬಾಟಲಿ ಎತ್ತಬೇಕು ಅಂತ ಮೊದಲೇ ಹೇಳಿಬಿಡಿ. ಬಾಯಾರಿಕೆಗೆ ಬೇರೆ ನೀರು ಇಡಿ.

ಇನ್ನು ಮಂತ್ರವಾದಿಯ ಪಾತ್ರ ಆಡುವವರಿಗೆ ಶಂಖಪುಷ್ಪ. ಬೇಲಿಯ ಮೇಲೆ ಹಬ್ಬಿರುವ ಅದೇ ನೀಲಿ ಹೂವು. ಹಸಿ ಹೂವಾದರೆ 15, ಒಣಗಿದ್ದಾದರೆ 10, ಎರಡು ಲೋಟ ನೀರಿಗೆ. ಹೂವಿನ ಹಿಂದಿನ ಹಸಿರು ತೊಟ್ಟನ್ನು ಕಿತ್ತು ಹಾಕಿ, ಅದಿದ್ದರೆ ಹುಲ್ಲಿನ ವಾಸನೆ ಬರುತ್ತದೆ. ಕುದಿಸಬೇಡಿ. ಕುದಿದ ನೀರು ಮೇಲೆ ಹೊಯ್ದು ಐದು ನಿಮಿಷ ಮುಚ್ಚಿಡಿ. ಮಸಿಯಂಥ ನೀಲಿ ಇಳಿಯುತ್ತದೆ. ಸೋಸಿ, ಸಕ್ಕರೆ ಕರಗಿಸಿ, ತಣ್ಣಗೆ ಮಾಡಿ, ಗಾಜಿನ ಲೋಟಕ್ಕೆ ಹಾಕಿಕೊಡಿ. ಜೊತೆಗೆ ಪುಟ್ಟ ಬಟ್ಟಲಿನಲ್ಲಿ ನಿಂಬೆರಸ, ಕದಡಲು ಒಂದು ಚಮಚ. ನಿಂಬೆರಸವನ್ನು ನೀವು ಹಾಕಬೇಡಿ, ಆಡುವವರೇ ಹಾಕಲಿ. ಮೊದಲ ಹನಿ ಬಿದ್ದಲ್ಲಿ ನೇರಳೆ ಬಣ್ಣದ ಎಳೆ ಕೆಳಗಿಳಿಯುತ್ತದೆ. ಚಮಚದಿಂದ ಕದಡಿದರೆ ಇಡೀ ಲೋಟ ಗುಲಾಬಿಗೆ ತಿರುಗುತ್ತದೆ. ಹೂವಿನ ನೀಲಿ ಬಣ್ಣದ ಗುಣವೇ ಅದು, ಹುಳಿ ತಾಗಿದರೆ ಕೆಂಪಿನ ಕಡೆಗೆ ವಾಲುತ್ತದೆ. ಬಂದವರಲ್ಲಿ ಬಸುರಿ ಹೆಂಗಸರಿದ್ದರೆ ಅವರಿಗೆ ಇದು ಬೇಡ, ಪುನರ್ಪುಳಿಯನ್ನೇ ಕೊಡಿ.

ಅಂಗಡಿಯ ಬಣ್ಣ ಹಾಕಿದರೆ ಎರಡು ನಿಮಿಷದ ಕೆಲಸ ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. 2024ರ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಅನ್ನುವ ಬಣ್ಣ ಹಾಕಬಾರದು ಅಂತ ನಿಷೇಧಿಸಿದ್ದು ನೆನಪಿರಬಹುದು. ಬೀಟ್‌ರೂಟು, ಅರಿಸಿನ, ಪಾಲಕ್, ಶಂಖಪುಷ್ಪ, ಪುನರ್ಪುಳಿ, ಕಪ್ಪೆಳ್ಳು ಇಷ್ಟಿದ್ದರೆ ಯಾವ ಲೋಕದ ಬಣ್ಣ ಬೇಕಾದರೂ ಮಾಡಬಹುದು. ಹೊಗೆ ಏಳಲಿ ಅಂತ ಡ್ರೈ ಐಸ್ ತರಿಸುವುದಂತೂ ಬೇಡವೇ ಬೇಡ. ಅದು ಸೊನ್ನೆಗಿಂತ 78 ಡಿಗ್ರಿ ಕೆಳಗೆ ತಣ್ಣಗಿರುತ್ತದೆ. ಒಂದು ಚೂರು ಬಾಯಿಗೆ ಹೋದರೆ ನಾಲಿಗೆ, ಗಂಟಲು ಸುಡುತ್ತದೆ. ಆಟದ ಮತ್ತಿನಲ್ಲಿರುವವರ ಲೋಟದಲ್ಲಿ ಅದನ್ನು ಇಡುವ ಧೈರ್ಯ ನನಗಿಲ್ಲ.

ಕಾಡಿನ ದಾರಿ ಶುರುವಾದಾಗ ಬುತ್ತಿ ಕೊಡಿ. ಪಾತ್ರಗಳು ದಿನಗಟ್ಟಲೆ ನಡೆಯುವಾಗ ಒಣ ತಿಂಡಿ ಕಟ್ಟಿಕೊಂಡು ಹೋಗುತ್ತವೆ, ಒಂದು ದಿನಕ್ಕೆ ಒಂದು ಕಟ್ಟು ಅಂತ ಲೆಕ್ಕವನ್ನೂ ಬರೆದುಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಖಡಕ್ ರೊಟ್ಟಿ ಇದಕ್ಕೆಂದೇ ಹುಟ್ಟಿದಂತಿದೆ. ಮುರಿದರೆ ಸದ್ದು ಬರುತ್ತದೆ, ಕೈಗೆ ಏನೂ ಅಂಟುವುದಿಲ್ಲ. ಅಂಗೈಯಗಲ ಮುರಿದು, ಶೇಂಗಾ ಚಟ್ನಿಪುಡಿಯ ಸಣ್ಣ ಪೊಟ್ಟಣ ಜೊತೆಗಿಟ್ಟು, ಬಾಡಿಸಿದ ಬಾಳೆಎಲೆಯಲ್ಲಿ ಕಟ್ಟಿ, ಬಾಳೆನಾರಿನಿಂದ ಬಿಗಿಯಿರಿ. ಚಟ್ನಿಪುಡಿಗೆ ಎಣ್ಣೆ ಕಲಸಬೇಡಿ. ಒಬ್ಬೊಬ್ಬರಿಗೂ ಒಂದು ಕಟ್ಟು, ಒಳಗೆ ಒಂದು ಎಳ್ಳುಂಡೆ. ಬೆಂಕಿ ಹಾಕಿ ರಾತ್ರಿ ಕಳೆಯುತ್ತೇವೆ ಅಂತ ಡಿಎಂ ಹೇಳಿದಾಗ ಆ ಕಟ್ಟು ಬಿಚ್ಚಲಿ.

ಕಾಡಿನಲ್ಲೇ ಇನ್ನೊಂದು ಸುಲಭದ್ದು. ಹತ್ತು ಹಣ್ಣು ಸೃಷ್ಟಿಸುವ ಮಂತ್ರ ಈ ಆಟದಲ್ಲಿದೆ, ಒಂದು ಹಣ್ಣು ತಿಂದರೆ ಒಂದು ದಿನದ ಹಸಿವು ಹೋಗುತ್ತದೆ. ಕಾಲಕ್ಕೆ ತಕ್ಕಂತೆ ನೇರಳೆಯೋ ದ್ರಾಕ್ಷಿಯೋ ಎಣಿಸಿ ಹತ್ತು ಇಟ್ಟರಾಯಿತು. ನೇರಳೆಯಾದರೆ ಬೀಜ ಹಾಕಲು ಬಟ್ಟಲು ಕೊಡಿ.

ಗುಹೆಯೊಳಗೆ ಹೋದ ಮೇಲೆ ನನಗೆ ಇಷ್ಟವಾದದ್ದು ಜೆಲ್ಲಿ ರಾಕ್ಷಸ. ಹತ್ತು ಅಡಿ ಉದ್ದ, ಅಗಲ, ಎತ್ತರದ ಚೌಕಾಕಾರದ ಜೆಲ್ಲಿ. ಗಾಜಿನ ಹಾಗೆ ಕಾಣುತ್ತದೆ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನುಂಗುತ್ತಾ ಬರುತ್ತದೆ. ನುಂಗಿದ್ದು ಹೊರಗಿನಿಂದ ಕಾಣಿಸುತ್ತದೆ. ಇದನ್ನು ಎಳನೀರಿನಲ್ಲಿ ಮಾಡಿ. ಅರ್ಧ ಲೀಟರಿಗೆ 5 ಗ್ರಾಂ ಚೈನಾ ಗ್ರಾಸ್ ಎಳೆ. ಎಳೆಗಳನ್ನು ಕತ್ತರಿಸಿ ಅರ್ಧ ಗಂಟೆ ನೆನೆಸಿ, ಒಂದು ಲೋಟ ಎಳನೀರಿನಲ್ಲಿ ಸಣ್ಣ ಉರಿಯಲ್ಲಿ ಪೂರ್ತಿ ಕರಗುವ ತನಕ ಕೈಯಾಡಿಸಿ. ಒಂದೂ ಎಳೆ ಕಾಣಬಾರದು. ಎರಡು ಚಮಚ ಸಕ್ಕರೆ ಹಾಕಿ. ಉಳಿದ ಎಳನೀರನ್ನು ಕುದಿಸಬೇಡಿ, ಘಮ ಹೋಗುತ್ತದೆ. ಹಾಗಂತ ಫ್ರಿಜ್ಜಿನಿಂದ ತೆಗೆದು ತಣ್ಣಗೇ ಸುರಿದರೆ ಗಂಟು ಗಂಟಾಗುತ್ತದೆ, ಉಗುರುಬೆಚ್ಚಗೆ ಮಾಡಿಕೊಂಡು ಸೇರಿಸಿ. ಚೌಕ ಡಬ್ಬಿಗೆ ಅರ್ಧ ಸುರಿಯಿರಿ. ಮೇಲೆ ತೆಳು ಕೆನೆ ಕಟ್ಟಿದಂತಾದಾಗ ದಾಳಿಂಬೆ ಕಾಳು, ದ್ರಾಕ್ಷಿ, ಎಳೆ ಕೊಬ್ಬರಿ ಚೂರು ಹರಡಿ, ಮಿಕ್ಕದ್ದನ್ನು ಮೇಲೆ ಹೊಯ್ಯಿರಿ. ಅಷ್ಟರಲ್ಲಿ ಅದು ಗಟ್ಟಿಯಾಗುತ್ತಿದ್ದರೆ ಮತ್ತೆ ಬೆಚ್ಚಗೆ ಮಾಡಿಕೊಳ್ಳಿ. ಹೀಗೆ ಮಾಡಿದರೆ ಹಣ್ಣು ತಳಕ್ಕೆ ಕೂರದೆ ನಡುವೆ ತೇಲುತ್ತಿರುತ್ತದೆ. ಚೈನಾ ಗ್ರಾಸ್ ಕಡಲ ಪಾಚಿಯಿಂದ ಮಾಡಿದ್ದು, ಹಾಗಾಗಿ ಸಸ್ಯಾಹಾರಿಗಳೂ ತಿನ್ನಬಹುದು. ಬೇಸಿಗೆಯಲ್ಲೂ ಮೇಜಿನ ಮೇಲೆ ನೀರಾಗುವುದಿಲ್ಲ. ಚೌಕವಾಗಿ ಕತ್ತರಿಸಿ, ಒಂದೊಂದಕ್ಕೂ ಕಡ್ಡಿ ಚುಚ್ಚಿ ಕೊಡಿ.

ಡ್ರ್ಯಾಗನ್ನಿಗೆ ಎರಡು ದಾರಿ. ಮೊಟ್ಟೆ ತಿನ್ನುವವರಿದ್ದರೆ ಮೊಟ್ಟೆ ಬೇಯಿಸಿ, ತಣ್ಣಗಾದ ಮೇಲೆ ಚಮಚದ ಹಿಂಭಾಗದಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಸಿಪ್ಪೆ ಬಿರುಕು ಬಿಡಬೇಕು, ಉದುರಬಾರದು. ಗಟ್ಟಿ ಟೀ ಡಿಕಾಕ್ಷನ್ನಿಗೆ ಉಪ್ಪು, ಚಕ್ಕೆ, ಕಾಳುಮೆಣಸು ಹಾಕಿ ಆರಿಸಿ, ಅದರಲ್ಲಿ ಮೊಟ್ಟೆ ಮುಳುಗಿಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಚೀನಾದವರು ಟೀ ಮೊಟ್ಟೆ ಮಾಡುವುದು ಹೆಚ್ಚುಕಡಿಮೆ ಹೀಗೇ. ಬೆಳಿಗ್ಗೆ ಸಿಪ್ಪೆ ಸುಲಿದರೆ ಬಿಳಿಯ ಮೇಲೆ ಕಂದು ನರಗಳ ಬಲೆ, ಥೇಟ್ ಡ್ರ್ಯಾಗನ್ ಮೊಟ್ಟೆ. ಟೀ ಬದಲು ಬೀಟ್‌ರೂಟು ಬೇಯಿಸಿದ ನೀರಾದರೆ ಗುಲಾಬಿ ನರ.

ಮೊಟ್ಟೆ ಬೇಡದ ಮನೆಯಲ್ಲಿ ಪತ್ರೊಡೆ, ಅಂದರೆ ಹಿಟ್ಟು ಹಚ್ಚಿದ ಕೆಸುವಿನ ಎಲೆ. ಸುರುಳಿ ಸುತ್ತಿ ಬೇಯಿಸಿ ತೆಳ್ಳಗೆ ಕತ್ತರಿಸಿದರೆ ಹಸಿರು, ಕಂದು ಪದರ ಚಕ್ರಚಕ್ರವಾಗಿ ಕಾಣುತ್ತದೆ. ಅದನ್ನು ಡ್ರ್ಯಾಗನ್ನಿನ ಬಾಲ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಕಪ್ಪು ದಂಟಿನ ಎಳೆ ಕೆಸುವಿನ ಎಲೆ ತನ್ನಿ, ಹಿಂಬದಿಯ ದಪ್ಪ ನಾರು ಹೆರೆಯಿರಿ. ಹಿಟ್ಟಿಗೆ ಹುಣಸೆಹುಳಿ ಜಿಪುಣತನ ಮಾಡದೆ ಹಾಕಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ಇವೆರಡರಲ್ಲಿ ಒಂದು ಕಡಿಮೆಯಾದರೂ ಗಂಟಲು ತುರಿಸುತ್ತದೆ. ಹಿಂದಿನ ದಿನವೇ ಬೇಯಿಸಿ ತಣ್ಣಗೆ ಮಾಡಿದರೆ ಕತ್ತರಿಸುವಾಗ ಸುರುಳಿ ಬಿಚ್ಚಿಕೊಳ್ಳುವುದಿಲ್ಲ. ಒಗ್ಗರಣೆ ಹಾಕಬೇಡಿ, ಎಣ್ಣೆ ಕೈ ಆಗುತ್ತದೆ. ಕಾದ ಕಾವಲಿಯ ಮೇಲೆ ಎರಡೂ ಕಡೆ ಒಣಗೇ ಸುಟ್ಟು, ಇದಕ್ಕೂ ಕಡ್ಡಿ ಚುಚ್ಚಿ.

ಊಟಕ್ಕೆ ಮಾತ್ರ ಎಲ್ಲರನ್ನೂ ಮೇಜಿನಿಂದ ಎಬ್ಬಿಸಿ. ಆಟದಲ್ಲಿ ಒಂದು ಔತಣದ ಮಂತ್ರವಿದೆ, ಅದರ ಊಟ ಉಣ್ಣಲು ಒಂದು ಗಂಟೆ ಬೇಕು, ಉಂಡವರಿಗೆ ಆಮೇಲೆ ಭಯ ಹತ್ತುವುದಿಲ್ಲ. ಕೊನೆಯ ಯುದ್ಧಕ್ಕೆ ಮುಂಚೆ ಆ ಒಂದು ಗಂಟೆಯನ್ನು ಡಿಎಂ ಹತ್ತಿರ ಕೇಳಿ ಇಟ್ಟುಕೊಳ್ಳಿ. ಕೆಳಗೆ ಎಲೆ ಹಾಕಿ, ಬಿಸಿ ರಾಗಿಮುದ್ದೆ, ಅಣಬೆ ಸಾರು ಬಡಿಸಿ. ಗುಹೆಯಲ್ಲಿ ಬದುಕುವ ಕುಳ್ಳ ಯೋಧನ ಪಾತ್ರ ಆಡುವವರಿಗೆ ಇದಕ್ಕಿಂತ ಹೊಂದುವ ಊಟ ಇಲ್ಲ. ಅಣಬೆ ಅಂಗಡಿಯದೇ ಇರಲಿ, ಗುರುತು ಗೊತ್ತಿಲ್ಲದ ಕಾಡು ಅಣಬೆ ತಂದು ಹಾಕಬೇಡಿ. ಸಾರಿಗೆ ಕಾಳುಮೆಣಸು, ಬೆಳ್ಳುಳ್ಳಿ ಜಾಸ್ತಿ ಇರಲಿ. ಮುದ್ದೆ ಗೊತ್ತಿಲ್ಲದ ಗೆಳೆಯರು ಬಂದಿದ್ದರೆ ಅಗಿಯದೆ ನುಂಗುವುದು ಹೇಗೆಂದು ಪಕ್ಕದಲ್ಲಿ ಕೂತು ತೋರಿಸಿ, ಅವರಿಗಾಗಿ ಸ್ವಲ್ಪ ಅನ್ನವನ್ನೂ ಇಡಿ. ಕೊನೆಗೆ ಮೊಸರನ್ನ ಎರಡು ತುತ್ತು ಸಾಕು. ಮತ್ತೆ ಆಟಕ್ಕೆ ಕೂರುವ ಮುಂಚೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆದು ಒರೆಸಿಕೊಳ್ಳಲಿ, ಬಾಗಿಲಲ್ಲೇ ಟವೆಲ್ ಹಿಡಿದು ನಿಲ್ಲಿ.

ಕಾಫಿ ಕೊಡುವುದಾದರೆ ಸ್ಟೀಲ್ ಲೋಟವನ್ನು ಬಟ್ಟಲಿನ ಸಮೇತ, ಪಕ್ಕದ ಸ್ಟೂಲಿನ ಮೇಲೆ ಕೊಡಿ, ನಕ್ಷೆಯ ಹತ್ತಿರ ಬೇಡ. ಮಿಕ್ಕ ಎಳನೀರು ಜೆಲ್ಲಿ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಪುನರ್ಪುಳಿಯೂ ಅಷ್ಟೇ. ಶಂಖಪುಷ್ಪದ ನೀರು ಮಿಕ್ಕರೆ ಇಡಬೇಡಿ, ಗಿಡಕ್ಕೆ ಹಾಕಿ. ಪತ್ರೊಡೆ ಮಿಕ್ಕಿದ್ದರೆ ಪುಡಿ ಮಾಡಿ, ಈಗ ಧಾರಾಳವಾಗಿ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ತೆಂಗಿನತುರಿ ಹಾಕಿ. ರಾತ್ರಿ ಅಲ್ಲೇ ಮಲಗಿದ ಹುಡುಗರಿಗೆ ಬೆಳಗಿನ ತಿಂಡಿಗೆ ಅದೇ ಆಗುತ್ತದೆ.