ಹಿಂದೆ ಅಚ್ಚು ಎದ್ದ ಲಗ್ನಪತ್ರಿಕೆ: ಟ್ರೆಡಲ್ ಮೇಲೆ ನನ್ನ ಅನುಭವ

ಮೊನ್ನೆ ಹದಿನೇಳನೇ ಆರ್ಡರಿನ ಲಗ್ನಪತ್ರಿಕೆ ಮುಗಿಸಿ ಗಿರಾಕಿಗೆ ಕೊಟ್ಟು ಬಂದೆ. 110 ಕಾರ್ಡು, ಒಂದಕ್ಕೆ 135 ರೂಪಾಯಿ, ಚೌಕಾಸಿ ಇಲ್ಲದೆ ಪೂರ್ತಿ ದುಡ್ಡು ಕೊಟ್ರು, ಅದಕ್ಕೇ ಈಗ ಧೈರ್ಯವಾಗಿ ಬರೀತಿದೀನಿ. ಎರಡು ವರ್ಷದ ಹಿಂದೆ ನಾನು ಟ್ರೆಡಲ್, ಅಂದ್ರೆ ಮೊಳೆ ಜೋಡಿಸಿ ಒತ್ತೋ ಹಳೇ ಕಾಲದ ಅಚ್ಚಿನ ಮಷಿನ್, ತಂದಾಗ ದಾವಣಗೆರೆಲಿ ನಮ್ಮ ಆಫ್‌ಸೆಟ್ ಪ್ರೆಸ್ ಗೆಳೆಯರೆಲ್ಲ, ಗುಜರಿಗೆ ಹಾಕೋದನ್ನ ಮನೆಗೆ ತಂದಿದಾನೆ ಅಂತ ನಕ್ಕಿದ್ದೇ ನಕ್ಕಿದ್ದು. ಡೀಪ್ ಇಂಪ್ರೆಶನ್ (ಅಕ್ಷರ ಕಾಗದದೊಳಗೆ ಇಳಿಯೋ ಹಾಗೆ ಒತ್ತೋದು) ಎಲ್ಲ ಇಂಗ್ಲಿಷಿಗೆ ಸರಿ, ನಮ್ಮ ಗುಂಡಗಿನ ಅಕ್ಷರಕ್ಕೆ ಹೊಟ್ಟೆಯೊಳಗೆಲ್ಲ ಇಂಕ್ ತುಂಬ್ಕೊಳ್ಳುತ್ತೆ, ಒತ್ತಕ್ಷರ ಒಂದೂ ಓದಕ್ಕಾಗಲ್ಲ ಅಂತ. ಅರ್ಧ ನಿಜಾನೇ ಹೇಳಿದ್ರು ಅನ್ನಿ.

ಮಷಿನ್ ಸಿಕ್ಕಿದ್ದು ಗದಗದಲ್ಲಿ. ಪ್ರೆಸ್ಸಿಗೆ ಹೆಸರಾದ ಊರು, ಈಗ ಅಲ್ಲೂ ಎಲ್ಲ ಆಫ್‌ಸೆಟ್ಟೇ. ಮುಚ್ಚಿದ ಪ್ರೆಸ್ ಒಂದರ ಮೂಲೇಲಿ ಕ್ರೌನ್ ಫೋಲಿಯೋ ಸೈಜಿನ ಟ್ರೆಡಲ್ ಗೋಣಿಚೀಲ ಹೊದ್ಕೊಂಡು ನಿಂತಿತ್ತು. ತೂಕದ ಲೆಕ್ಕದಲ್ಲೇ ಕೊಟ್ರು, ಸುಮಾರು 31 ಸಾವಿರ, ಲಾರಿ ಹಮಾಲಿ ಸೇರಿ 40 ದಾಟ್ತು, ರೋಲರಿಗೆ ಹೊಸ ರಬ್ಬರ್ ಹಾಕ್ಸೋಕೆ ಇನ್ನೊಂದು ಏಳೆಂಟು ಸಾವಿರ. ಅಲ್ಲೇ ಮೊದಲು ಮಷಿನ್ ಓಡಿಸ್ತಿದ್ದ ಅಜ್ಜಾರು ಒಬ್ರು ಪರಿಚಯ ಆದ್ರು. ಹಿಂದೆ ಅಂಟು ಬೆಲ್ಲ ಕಾಯಿಸಿ ರೋಲರ್ ಎರೀತಿದ್ರಂತೆ, ಬೇಸಿಗೇಲಿ ಅದು ಕರಗೋದು, ರಾತ್ರಿ ಇಲಿ ಬಂದು ತಿನ್ನೋದು.

ಮೊದಲ ತಪ್ಪು ಅಂದ್ರೆ ಮಷಿನ್ ಜೊತೆ ಬಂದ ಸೀಸದ ಅಕ್ಷರದ ಮೊಳೆಗಳನ್ನೇ ಜೋಡಿಸಿ ಡೀಪ್ ಇಂಪ್ರೆಶನ್ ಕೊಡೋಕೆ ಹೋಗಿದ್ದು. ಐವತ್ತು ಕಾರ್ಡ್ ಆಗೋಷ್ಟರಲ್ಲಿ ಒತ್ತಕ್ಷರಗಳ ಅಂಚೆಲ್ಲ ಚಪ್ಪಟೆ. ಅದರ ಸ್ಯಾಂಪಲ್ ಅಜ್ಜಾರಿಗೆ ತೋರಿಸಿದೆ. ಕಾರ್ಡ್ ತಿರುಗಿಸಿ ಹಿಂದೆ ಹೆಬ್ಬೆಟ್ಟು ಆಡಿಸಿ, "ಏನ್ ತಮ್ಮಾ ಇದು, ಹಿಂದೆಲ್ಲಾ ಅಕ್ಷರ ಕೈಗೆ ಸಿಗಾಕತ್ತಾವಲ್ಲ. ಮೊಳಿ ಹಾಳಿಗೆ ಮುಟ್ಟಬೇಕು, ಚುಚ್ಚಬಾರದು. ನಮ್ಮ ಮಾಲಕರು ನೋಡಿದ್ರ ಪಗಾರ ಕಡೀತಿದ್ರು" ಅಂದ್ರು. ಈಗ ಜನ ದುಡ್ಡು ಕೊಡೋದೇ ಆ ಚುಚ್ಚಿದ ಗುರುತಿಗೆ ಅಜ್ಜಾರ ಅಂದ್ರೆ ನಂಬಲೇ ಇಲ್ಲ.

ಆಮೇಲೆ ಪಾಲಿಮರ್ ಪ್ಲೇಟ್, ಅಂದ್ರೆ ಬೆಳಕು ಬಿದ್ದ ಕಡೆ ಗಟ್ಟಿಯಾಗಿ, ಉಳಿದದ್ದು ತೊಳೆದುಹೋಗಿ ಅಕ್ಷರ ಉಬ್ಬಿ ನಿಲ್ಲೋ ಪ್ಲಾಸ್ಟಿಕ್ ಪ್ಲೇಟ್. ಇಲ್ಲೂ ಜಿಪುಣತನ ಮಾಡಿ ಕೆಟ್ಟೆ, ರಬ್ಬರ್ ಸ್ಟ್ಯಾಂಪ್ ಮಾಡೋರ ಹತ್ರ ಇರುತ್ತಲ್ಲ, ಆ ಲಿಕ್ವಿಡ್ ಪಾಲಿಮರಲ್ಲೇ ಪ್ಲೇಟ್ ಮಾಡಿಸ್ದೆ, 200 ರೂಪಾಯಿಗೆ ಮುಗೀತು ಅಂತ ಖುಷಿಯಾಗಿದ್ದೆ, ಒತ್ತಿದ್ರೆ ಅದು ಚಪ್ಪಲಿ ಸೋಲ್ ಥರ ಹರಡ್ಕೊಂಡು ವಧುವಿನ ಹೆಸರು ಇಡ್ಲಿ ಆಯ್ತು. ನೀರಲ್ಲಿ ತೊಳೆಯೋ ಗಟ್ಟಿ ಪ್ಲೇಟೇ ಬೇಕು. ಬೆಂಗಳೂರಿಂದ ಶೀಟ್ ತರಿಸಿ, ಯುವಿ ಟ್ಯೂಬ್ ಹಾಕಿ ಹಳೇ ಟ್ರಂಕಲ್ಲಿ ಎಕ್ಸ್‌ಪೋಶರ್ ಬಾಕ್ಸ್ ನಾನೇ ಮಾಡ್ಕೊಂಡೆ. ಎಲ್ಲಾ ಕಡೆ ಸಿಟಿಪಿ (ಫಿಲ್ಮ್ ಇಲ್ಲದೆ ಕಂಪ್ಯೂಟರಿಂದ ನೇರ ಪ್ಲೇಟ್ ಮಾಡೋದು) ಬಂದ್ಮೇಲೆ ಫಿಲ್ಮ್ ತೆಗೆಯೋರು ಸಿಗಲ್ಲ, ಸ್ಕ್ರೀನ್ ಪ್ರಿಂಟಿಂಗ್‌ನವರ ಇಂಕ್‌ಜೆಟ್ ಫಿಲ್ಮೇ ಎರಡು ಒಂದರ ಮೇಲೊಂದು ಇಟ್ರೆ ಕಪ್ಪು ಸಾಕಾಗುತ್ತೆ. ಎಷ್ಟು ಸೆಕೆಂಡು ಬೆಳಕು ಕೊಡ್ಬೇಕು ಅಂತ ಕೇಳ್ಬೇಡಿ, ಹನ್ನೊಂದು ಪ್ಲೇಟ್ ಹಾಳು ಮಾಡಿ ಕಲ್ತಿದ್ದು ಅದು. ಅದರಲ್ಲೊಂದು ಫಿಲ್ಮ್ ಉಲ್ಟಾ ಇಟ್ಟು ಆಗಿದ್ದು, ಪ್ಲೇಟಲ್ಲಿ ಅಕ್ಷರ ಚೆನ್ನಾಗಿ ಓದಕ್ಕೆ ಬರ್ತಿದೆ ಅಂತ ಹೆಮ್ಮೆ ಪಡ್ತಿದ್ದೆ, ಪ್ಲೇಟಲ್ಲಿ ಉಲ್ಟಾ ಇದ್ರೇನೇ ಕಾಗದದ ಮೇಲೆ ನೆಟ್ಟಗೆ ಬರೋದು ಅಂತ ಹೊಳೆದು ಆಮೇಲೆ ತಲೆ ಚಚ್ಕೊಂಡೆ.

ಪ್ಲೇಟ್ ಅಂಟಿಸೋ ಅಲ್ಯೂಮಿನಿಯಂ ಬೇಸ್ ಹರಿಹರದಲ್ಲಿ ಮಿಲ್ಲಿಂಗ್ ಮಾಡಿಸ್ದೆ, ಆರೂವರೆ ಸಾವಿರ. ಬೇಸ್, ಟೇಪು, ಪ್ಲೇಟು ಎಲ್ಲ ಸೇರಿ ಮೊಳೆ ಎತ್ತರ 0.918 ಇಂಚಿಗೆ ಸರಿಯಾಗಿ ಬರ್ಬೇಕು. ವರ್ಕ್‌ಶಾಪ್‌ನವನು ಒಂದು ಮೂಲೆ ನಾಲ್ಕು ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಇಳಿಸಿಬಿಟ್ಟಿದ್ದ, ಗೊತ್ತಾಗೋಕೆ ಒಂದು ವಾರ ಹಿಡೀತು, ಅಷ್ಟರಲ್ಲಿ ಒತ್ತು ಹೆಚ್ಚಿಸೋಕೆ ಕಾರ್ಡಿನ ಹಿಂದೆ ಇಡೋ ಹಾಳೆ, ಅಂದ್ರೆ ಪ್ಯಾಕಿಂಗ್, ಅದರ ಮೇಲೆ ಇನ್ನೊಂದು ಪ್ಯಾಕಿಂಗ್ ಹಾಕಿ ಮಷಿನ್ನೇ ಮುರಿಯೋ ಹಂತಕ್ಕೆ ತಂದಿದ್ದೆ.

ಈಗ ಅಕ್ಷರದ ವಿಷಯ. ಗೆಳೆಯರು ನಕ್ಕಿದ್ದು ಇಲ್ಲೇ, ನಾನು ಗೆದ್ದಿದ್ದೂ ಇಲ್ಲೇ. ಕಂಪ್ಯೂಟರಲ್ಲಿ ಚೆಂದ ಕಾಣೋ ಫಾಂಟ್ ಹಾಗೇ ಹಾಕಿದ್ರೆ ಕಲ್ಯಾಣಮಂಟಪದ ಸೊನ್ನೆ ತುಂಬ್ಕೊಂಡು ಬರೀ ಚುಕ್ಕೆ ಆಗುತ್ತೆ, 'ಣ', 'ಷ', 'ಕ್ಷ' ಒಳಗಿನ ಸಂದು ಮುಚ್ಚುತ್ತೆ, 'ಶ್ರೀ' ಕೆಳಗಿನ ಸುರುಳಿ ಪ್ಲೇಟ್ ತೊಳೆಯುವಾಗಲೇ ಕಿತ್ಕೊಂಡು ಹೋಗುತ್ತೆ. ಅಂದ್ರೆ ತೆಳು ಗೆರೆ ದಪ್ಪ ಮಾಡ್ಬೇಕು, ಅದೇ ಹೊತ್ತಿಗೆ ಒಳಗಿನ ಜಾಗ ಅಗಲ ಮಾಡ್ಬೇಕು. ಎಲ್ಲಾ ಅಕ್ಷರ ಔಟ್‌ಲೈನ್ ಮಾಡಿ ಒತ್ತಕ್ಷರಗಳನ್ನ ಸುಮಾರು ಶೇ. 15 ದೊಡ್ಡದು ಮಾಡ್ತೀನಿ, ಸೊನ್ನೆಯ ಒಳತೂತು ಎಳೆದು ಹಿಗ್ಗಿಸ್ತೀನಿ, ಗೆರೆಗಳು ಸೇರೋ ಸಂದೀಲಿ ಒಂದು ಚಿಕ್ಕ ಕಚ್ಚು ಕೊಡ್ತೀನಿ, ಒತ್ತಿದಾಗ ಇಂಕ್ ಬಂದು ಆ ಕಚ್ಚು ತುಂಬಿ ಅಕ್ಷರ ತಾನೇ ಸರಿಯಾಗುತ್ತೆ. ಒಂದು ಪತ್ರಿಕೆಗೆ ನಾಲ್ಕೈದು ಗಂಟೆ ಇದಕ್ಕೇ ಹೋಗುತ್ತೆ. ಗಿರಾಕಿ ಹಳೇ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಕಳ್ಸಿದ್ರೆ ಇನ್ನೊಂದು ಗಂಟೆ, ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿರುತ್ತೆ.

ಇನ್ನೊಂದು, ರೋಲರ್ ಓಡೋ ಹಳಿ ಸವೆದಿದ್ರೆ ರೋಲರ್ ತಗ್ಗಿ ಪ್ಲೇಟಿನ ಪಕ್ಕಕ್ಕೂ ಇಂಕ್ ಬಳಿಯುತ್ತೆ. ಹಳಿಗೆ ನಾಲ್ಕು ಸುತ್ತು ಟೇಪ್ ಹಾಕ್ದೆ, ಅರ್ಧ ಸಮಸ್ಯೆ ಅಲ್ಲೇ ಮುಗೀತು. ಮೂವತ್ತು ರೂಪಾಯಿ ಟೇಪು! ಆಫ್‌ಸೆಟ್ ಇಂಕ್ ಹಾಗೇ ಹಾಕಿದ್ರೆ ಅಂಟು ಜಾಸ್ತಿ, ಹತ್ತಿ ಕಾಗದದ ನಾರು ಕಿತ್ಕೊಂಡು ಬರುತ್ತೆ. ಏಪ್ರಿಲ್ ಬಿಸಿಲಿಗೆ ಅದೇ ಇಂಕು ನೀರಾಗುತ್ತೆ, ಆಗ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ ಕಲಸಿ ಗಟ್ಟಿ ಮಾಡ್ಕೊಳ್ಳಿ. ಅಂಟು ಇಳಿಸೋಕೆ ನಾನು ಏನು ಹಾಕ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಕಾಗದ ಜೈಪುರದ ಹತ್ರದ ಸಾಂಗಾನೇರಿಂದ ತರಿಸ್ತೀನಿ, ಬನಿಯನ್ ಬಟ್ಟೆ ಚೂರಿನ ಕೈಕಾಗದ, 400 ಜಿಎಸ್‌ಎಂ (ಚದರ ಮೀಟರಿಗೆ 400 ಗ್ರಾಂ ತೂಕ) ಅಂತಾರೆ, ಆದ್ರೆ ಒಂದು ಹಾಳೆ ಇದ್ದಂಗೆ ಇನ್ನೊಂದಿಲ್ಲ. ದಪ್ಪ ತೆಳು ಬೆರಳಲ್ಲೇ ಮುಟ್ಟಿ ಮೂರು ಗುಂಪು ಮಾಡ್ಕೊಂಡು, ಗುಂಪಿಗೊಂದು ಪ್ಯಾಕಿಂಗ್. ನೂರಕ್ಕೆ ಹನ್ನೆರಡು ಹಾಳೆ ವೇಸ್ಟ್ ಅಂತಲೇ ಲೆಕ್ಕ.

ಜನರ ತಕರಾರು ಬೇರೆ. ಕಪ್ಪು ಇಂಕ್ ಅಪಶಕುನ, ಬರೀ ಬಿಳಿ ಕಾರ್ಡೂ ಬೇಡ ಅಂತಾರೆ, ಹಾಗಾಗಿ ಕುಂಕುಮ ಬಣ್ಣಕ್ಕೆ ಹತ್ತಿರದ ಕಡುಗೆಂಪು ಖಾಯಂ ಮಾಡ್ಕೊಂಡೆ. ಹೇಗೂ ನಾಲ್ಕು ಮೂಲೆಗೆ ಅರಿಶಿನ ಹಚ್ತಾರಲ್ಲ, ನಾವೇ ಹಚ್ಚಿಕೊಡೋಣ ಅಂತ ಒಂದು ಸಲ ಕಾರ್ಡಿನ ಅಂಚಿಗೆಲ್ಲ ಅರಿಶಿನ ನೀರು ಬಳಿದೆ, ಕಾಗದ ಹೀರ್ಕೊಂಡು ಹಳದಿ ಮುಹೂರ್ತದ ಸಾಲಿನವರೆಗೂ ಹೋಯ್ತು. ತುಳಸಿ ಬೀಜದ ಕಾಗದಕ್ಕೆ ಒತ್ತಿ ನೋಡ್ದೆ, ಒಂದು ಬೀಜ ಸರಿಯಾಗಿ 'ಚಿ॥ ಸೌ॥' ಕೆಳಗೆ ಸಿಕ್ಕಿ ಪ್ಲೇಟಿಗೇ ಗುಂಡಿ ಬಿತ್ತು. ಚನ್ನಗಿರಿ ಕಡೆಯಿಂದ ಅಡಿಕೆ ಹಾಳೆ ತಂದು ಅದಕ್ಕೂ ಒತ್ತಿದೆ, ನಾರಿನ ಉದ್ದಕ್ಕೆ ಸೀಳ್ತು, ನೆನೆಸಿ ಒತ್ತಿದ್ರೆ ಪರವಾಗಿಲ್ಲ, ಆದ್ರೆ ಒಣಗಿದ ಮೇಲೆ ಹಪ್ಪಳದ ಥರ ಮುದುಡ್ಕೊಳ್ಳುತ್ತೆ. ಅದನ್ನ ಇನ್ನೂ ಬಿಟ್ಟಿಲ್ಲ.

ದುಡ್ಡಿನ ಲೆಕ್ಕ: ಕಾಗದ ವೇಸ್ಟ್ ಸೇರಿ ಕಾರ್ಡಿಗೆ 26, ಕವರ್ 14, ಪ್ಲೇಟು ಫಿಲ್ಮು ಒಟ್ಟು 1,400 ಹತ್ರ. 110 ಕಾರ್ಡಿನ ಆರ್ಡರಲ್ಲಿ ಒಂಬತ್ತು ಸಾವಿರ ಉಳೀತು, ಮೂರು ದಿನದ ಕೆಲಸ. ಸಾವಿರ ಕಾರ್ಡ್ ಈ ರೇಟಿಗೆ ಯಾರೂ ಮಾಡಿಸಲ್ಲ, ಹತ್ತಿರದವರಿಗೆ ನೂರು ಇದು, ಉಳಿದವರಿಗೆ ಅದೇ ಡಿಸೈನ್ ಆಫ್‌ಸೆಟಲ್ಲಿ ಅಂತ ನಾನೇ ಹೇಳ್ತೀನಿ. ಆ ಆಫ್‌ಸೆಟ್ ಕೆಲಸ ಹೋಗೋದು ಅವತ್ತು ನಕ್ಕ ಗೆಳೆಯರಿಗೇ, ಈಗ ಯಾರೂ ನಗಲ್ಲ.

ಹೋದ ತಿಂಗಳು ಅಜ್ಜಾರು ಫೋನ್ ಮಾಡಿದ್ರು. ಮೊಮ್ಮಗಳ ಲಗ್ನ ಅಂತೆ, 150 ಪತ್ರಿಕೆ ನನ್ನ ಹತ್ರಾನೇ ಆಗ್ಬೇಕಂತೆ. "ಹಿಂದ ಮಾತ್ರ ಏನೂ ಏಳಬಾರ್ದು ನೋಡ ತಮ್ಮಾ." ಸುಲಭ ಅಂದ್ಕೊಂಡು ಒಪ್ಕೊಂಡೆ. ಮೂರು ರಾತ್ರಿ ಆಯ್ತು, ಪ್ಯಾಕಿಂಗಲ್ಲಿ ಒಂದು ಟಿಶ್ಯೂ ತೆಗೆದ್ರೆ ಅಕ್ಷರ ಅರ್ಧ ಮಾಯ, ಹಾಕಿದ್ರೆ ಹಿಂದೆ ಬೆರಳಿಗೆ ಸಿಗುತ್ತೆ. ಇವತ್ತು ಬೆಳಗ್ಗೆ ತೆಗೆದ ಪ್ರೂಫಲ್ಲಿ ಒಂದೇ ಒಂದು 'ಕ್ಷ' ಎದ್ದಿದೆ. ಅಜ್ಜಾರ ಹೆಬ್ಬೆಟ್ಟಿಗೆ ಅದು ಗೊತ್ತಾಗದೇ ಇರಲ್ಲ.